ಹಲಾಲ್ ಕೇಳುತ್ತೇವೆ, ಉಳಿದದ್ದನ್ನೂ ಕೇಳೋಣ

ಹೊಸ ಹೋಟೆಲಿಗೆ ಕಾಲಿಟ್ಟಾಗ ನಾವು ಕೇಳುವ ಮೊದಲ ಪ್ರಶ್ನೆ ‘ಇಲ್ಲಿ ಹಲಾಲ್ ತಾನೇ?’ ಎಂಬುದು. ಗಲ್ಫ್‌ನಿಂದ ಬಂದವರ ಪೆಟ್ಟಿಗೆಯಲ್ಲಿ ಗೊತ್ತಿಲ್ಲದ ಕಂಪೆನಿಯ ಚಾಕಲೇಟ್ ಇದ್ದರೆ ಪೊಟ್ಟಣ ತಿರುಗಿಸಿ ಜೆಲಾಟಿನ್ ಇದೆಯಾ ಎಂದು ನೋಡುತ್ತೇವೆ. ಇ 471, ಇ 120 ಮುಂತಾದ ಸಂಖ್ಯೆಗಳ ಪಟ್ಟಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ವರ್ಷಗಳಿಂದ ಸುತ್ತುತ್ತಿದೆ. ಅಂದರೆ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ ಓದುವ ಅಭ್ಯಾಸ ನಮಗೆ ಹೊಸದೇನಲ್ಲ. ಆದರೆ ಕಣ್ಣು ಅಲ್ಲಿಗೇ ನಿಂತು ಬಿಡುತ್ತದೆ. ಅದೇ ಪೊಟ್ಟಣದಲ್ಲಿ, ಎರಡು ಸಾಲು ಕೆಳಗೆ, ಸಕ್ಕರೆ ಎಷ್ಟು, ಉಪ್ಪಿನ ಅಂಶ ಎಷ್ಟು, ಕೊಬ್ಬು ಎಷ್ಟು ಎಂದು ಬರೆದಿರುತ್ತದೆ. ಅದನ್ನು ಓದುವವರು ಕಡಿಮೆ.

ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಸುತ್ತಮುತ್ತ ನಡೆದದ್ದನ್ನು ಒಟ್ಟಿಗೆ ಇಟ್ಟು ನೋಡಿದರೆ, ಈ ಎರಡು ಸಾಲನ್ನು ಬಿಟ್ಟು ಮುಂದೆ ಹೋಗುವುದು ಎಷ್ಟು ದುಬಾರಿ ಎಂದು ಗೊತ್ತಾಗುತ್ತದೆ.

ಕೆಂಪು ಕಬಾಬ್, ಹಸಿ ಮೊಟ್ಟೆಯ ಮಯೋನೀಸ್

2022ರ ಮೇ ತಿಂಗಳ ಮೊದಲ ದಿನ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದ 16 ವರ್ಷದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಹಲವಾರು ಮಂದಿ ಆಸ್ಪತ್ರೆ ಸೇರಿದರು. ಪರೀಕ್ಷೆಯಲ್ಲಿ ಕಂಡುಬಂದದ್ದು ಶಿಗೆಲ್ಲ ಎಂಬ ಬ್ಯಾಕ್ಟೀರಿಯ. ಕಾಸರಗೋಡು ಅಂದರೆ ನಮಗೆ ಬೇರೆ ರಾಜ್ಯ ಎನ್ನುವುದು ನಕ್ಷೆಯಲ್ಲಿ ಮಾತ್ರ. ಸಂಬಂಧಗಳು, ವ್ಯಾಪಾರ, ಮಾತು ಎಲ್ಲವೂ ಗಡಿಯ ಎರಡೂ ಬದಿಯಲ್ಲಿ ಹರಡಿಕೊಂಡಿವೆ. ಆ ಸುದ್ದಿ ಬಂದ ವಾರ ನಮ್ಮ ಮನೆಗಳಲ್ಲೂ ಮಕ್ಕಳಿಗೆ ‘ಇನ್ನು ಶವರ್ಮ ಬೇಡ’ ಎಂದು ಹೇಳಿದ್ದೇ ಹೇಳಿದ್ದು. ತಿಂಗಳು ಕಳೆಯುವಷ್ಟರಲ್ಲಿ ಮಾತು ಮರೆತು ಹೋಯಿತು.

ಕೇರಳ ಸರಕಾರ ಮರೆಯಲಿಲ್ಲ. 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೋನೀಸನ್ನು ನಿಷೇಧಿಸಿತು. ಪಾರ್ಸೆಲ್ ಕೊಡುವಾಗ ಎಷ್ಟು ಗಂಟೆಗೆ ತಯಾರಾಯಿತು, ಎಷ್ಟರೊಳಗೆ ತಿನ್ನಬೇಕು ಎಂದು ಚೀಟಿ ಅಂಟಿಸಬೇಕು ಎಂದಿತು. 2024ರ ಕೊನೆಯಲ್ಲಿ ತೆಲಂಗಾಣ, 2025ರಲ್ಲಿ ತಮಿಳುನಾಡು ಕೂಡ ಹಸಿ ಮೊಟ್ಟೆಯ ಮಯೋನೀಸಿಗೆ ಒಂದು ವರ್ಷದ ನಿಷೇಧ ಹೇರಿದವು. ಕಾರಣ ಸರಳ. ಮೊಟ್ಟೆ ಬೇಯದಿದ್ದರೆ ಅದರಲ್ಲಿರಬಹುದಾದ ಸಾಲ್ಮೊನೆಲ್ಲ ಸಾಯುವುದಿಲ್ಲ. ನಮ್ಮ ಕರಾವಳಿಯ ಸೆಕೆಯಲ್ಲಿ ಆ ಡಬ್ಬ ಸಂಜೆಯಿಂದ ರಾತ್ರಿ ಹನ್ನೆರಡರವರೆಗೆ ಮೇಜಿನ ಮೇಲೇ ಇದ್ದರೆ ಒಂದು ಇದ್ದದ್ದು ಸಾವಿರವಾಗುತ್ತದೆ. ಮಾಂಸದ್ದೂ ಅದೇ ಕಥೆ. ಕಂಬಿಯಲ್ಲಿ ತಿರುಗುವ ಕೋಳಿಯ ಹೊರಪದರ ಬೆಂದಿರುತ್ತದೆ, ಗಿರಾಕಿ ಹೆಚ್ಚಿದಾಗ ಒಳಗಿನದ್ದು ಬೇಯುವ ಮೊದಲೇ ಚೂರಿ ಬೀಳುತ್ತದೆ.

ಕರ್ನಾಟಕದಲ್ಲಿ ಸುದ್ದಿಯಾದದ್ದು ಬಣ್ಣ. 2024ರ ಮಾರ್ಚ್‌ನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದರು. ಪರೀಕ್ಷೆಗೆ ಕಳಿಸಿದ್ದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಸಿಕ್ಕ ಬಣ್ಣಗಳಲ್ಲಿ ರೋಡಮಿನ್-ಬಿ ಕೂಡ ಒಂದು. ಅದು ಬಟ್ಟೆಗೆ ಹಾಕುವ ಬಣ್ಣ, ಹೊಟ್ಟೆಗೆ ಹಾಕುವುದಲ್ಲ. ಅದೇ ವರ್ಷ ಜೂನ್‌ನಲ್ಲಿ ಸರದಿ ಕಬಾಬಿನದ್ದು. 39 ಮಾದರಿಗಳಲ್ಲಿ 8 ಅಸುರಕ್ಷಿತ ಎಂದು ವರದಿ ಬಂತು, ಸನ್‌ಸೆಟ್ ಯೆಲ್ಲೊ ಮತ್ತು ಕಾರ್ಮೋಸಿನ್ ಬಣ್ಣಗಳು ಕಂಡುಬಂದವು. ಕೋಳಿ, ಮೀನು, ತರಕಾರಿ ಯಾವುದರ ಕಬಾಬ್ ಆದರೂ ಕೃತಕ ಬಣ್ಣ ಹಾಕುವಂತಿಲ್ಲ ಎಂದು ಆದೇಶವಾಯಿತು.

ಆದೇಶ ಬಂದ ಮೇಲೆ ಎಲ್ಲವೂ ಸರಿಯಾಯಿತಾ? ಆಹಾರ ಸುರಕ್ಷತಾ ಅಧಿಕಾರಿ ಪ್ರತಿ ತಳ್ಳುಗಾಡಿಯ ಎದುರು ನಿಲ್ಲುವುದು ಸಾಧ್ಯವಿಲ್ಲ. ಅಂಗಡಿಯವನನ್ನು ಕೇಳಿದರೆ, ‘ಕೆಂಪು ಇಲ್ಲದಿದ್ದರೆ ಗಿರಾಕಿ ಮುಟ್ಟೋದೇ ಇಲ್ಲ’ ಎನ್ನುತ್ತಾನೆ. ಅವನ ಮಾತಿನಲ್ಲೂ ಸತ್ಯ ಇದೆ. ಹೋಟೆಲು, ಬೇಕರಿ, ಫಾಸ್ಟ್‌ಫುಡ್ ಅಂಗಡಿ ನಡೆಸುವವರಲ್ಲಿ ನಮ್ಮವರೇ ಬಹಳ ಮಂದಿ ಇದ್ದಾರೆ. ಕಾಶ್ಮೀರಿ ಮೆಣಸು ಹಾಕಿದ, ಬಣ್ಣ ತುಸು ಮಂಕಾದ ಕಬಾಬನ್ನು ನಾವು ಒಪ್ಪಿಕೊಂಡು ತಿಂದರೆ ಆ ಡಬ್ಬಿ ಅಲ್ಲಿಂದ ತಾನಾಗಿಯೇ ಹೋಗುತ್ತದೆ.

ಸದ್ದಿಲ್ಲದೆ ಬರುವ ಕಾಯಿಲೆ

ವಿಷಾಹಾರವಾದರೆ ಮರುದಿನವೇ ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡ ಸಮಸ್ಯೆ ಹತ್ತು ವರ್ಷ ಕಳೆದ ಮೇಲೆ ಗೊತ್ತಾಗುವಂಥದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಶೇ. 35ರಷ್ಟು ಜನರಿಗೆ ಅಧಿಕ ರಕ್ತದೊತ್ತಡ. 2024ರ ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಆಹಾರದ ಬಗ್ಗೆ 17 ಮಾರ್ಗಸೂಚಿಗಳನ್ನು ಹೊರಡಿಸಿತು. ದೇಶದ ಒಟ್ಟು ಕಾಯಿಲೆಯ ಹೊರೆಯಲ್ಲಿ ಶೇ. 56.4ರಷ್ಟಕ್ಕೆ ತಪ್ಪು ಆಹಾರ ಕ್ರಮವೇ ಕಾರಣ ಎಂಬ ಅಂದಾಜು ಅದರಲ್ಲಿದೆ.

ನಮ್ಮ ಮನೆಗಳಲ್ಲಿ ಇದು ಅಂಕಿ ಸಂಖ್ಯೆಯಾಗಿ ಬರುವುದಿಲ್ಲ. ಚಿಕಿತ್ಸೆಗೆ ನೆರವು ಕೋರಿ ಬರುವ ವಾಟ್ಸ್‌ಆ್ಯಪ್ ಸಂದೇಶವಾಗಿ ಬರುತ್ತದೆ. ಕಿಡ್ನಿ ಹೋಗಿದೆ, ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್, ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇಲ್ಲ, ಕೈಲಾದದ್ದು ಕೊಡಿ ಅಂತ. ಕಿಡ್ನಿ ವೈಫಲ್ಯದ ಎರಡು ಮುಖ್ಯ ಕಾರಣಗಳು ಮಧುಮೇಹ ಮತ್ತು ರಕ್ತದೊತ್ತಡ. ಸಂಗ್ರಹಕ್ಕೆ ನಾವೆಲ್ಲ ಕೈ ಜೋಡಿಸುತ್ತೇವೆ, ಅದು ಒಳ್ಳೆಯದೇ. ಅದೇ ಕಾಳಜಿ ಹತ್ತು ವರ್ಷ ಮೊದಲೇ ಊಟದ ತಟ್ಟೆಯ ಮೇಲೂ ಇರಬೇಕು.

ಸಕ್ಕರೆಯ ಲೆಕ್ಕ ಹೀಗಿದೆ. ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ 25 ಗ್ರಾಂ ದಾಟಬಾರದು, ಅಂದರೆ ಸುಮಾರು ಐದು ಚಮಚ. ತಂಪು ಪಾನೀಯದ ಬಾಟಲಿಯಲ್ಲಿ 100 ಮಿಲಿಗೆ 12 ಗ್ರಾಂ ಸಕ್ಕರೆ ಎಂದಿದ್ದರೆ 200 ಮಿಲಿಯ ಒಂದು ಬಾಟಲಿಗೆ 24 ಗ್ರಾಂ. ದಿನದ ಲೆಕ್ಕ ಅಲ್ಲಿಗೇ ಮುಗಿಯಿತು. ಬೆಳಗಿನ ಚಹಾ, ಸಂಜೆಯ ಅವಿಲ್ ಮಿಲ್ಕ್ ಬೇರೆ. ಉಪ್ಪು ದಿನಕ್ಕೆ 5 ಗ್ರಾಂ ಸಾಕು. ಲೇಬಲ್‌ನಲ್ಲಿ ಉಪ್ಪು ಅಂತ ಇರುವುದಿಲ್ಲ, ಸೋಡಿಯಂ ಅಂತ ಇರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. ಸೋಡಿಯಂ 1000 ಮಿಲಿಗ್ರಾಂ ಎಂದರೆ ಎರಡೂವರೆ ಗ್ರಾಂ ಉಪ್ಪು, ದಿನದ ಅರ್ಧ.

ಇನ್ನೊಂದು ಸಂಗತಿ. ಲೇಬಲ್‌ನಲ್ಲಿ ಪದಾರ್ಥಗಳನ್ನು ಹೆಚ್ಚು ಇರುವುದರಿಂದ ಕಡಿಮೆ ಇರುವುದಕ್ಕೆ ಎಂಬ ಕ್ರಮದಲ್ಲೇ ಬರೆಯಬೇಕು ಎಂದು ಕಾನೂನು ಹೇಳುತ್ತದೆ. ಮುಂಭಾಗದಲ್ಲಿ ಗೋಧಿ ತೆನೆಯ ಚಿತ್ರ, ಹಿಂಬದಿಯಲ್ಲಿ ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ, ಮೂರನೆಯದು ಪಾಮ್ ಎಣ್ಣೆ ಎಂದಿದ್ದರೆ ಅದು ಮೈದಾ ಬಿಸ್ಕಿಟೇ. ಚಿತ್ರ ನೋಡಿ ಮೋಸ ಹೋಗುವುದು ಬೇಡ.

ಹೆಸರು ನಂಬಿ ಕೊಳ್ಳುವುದು

ಸರಕಾರದ ತೆರಿಗೆಯೂ ನಮಗೆ ದಾರಿ ತೋರಿಸುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. ಸಕ್ಕರೆ ಹಾಕಿದ ಗ್ಯಾಸ್ ಪಾನೀಯಕ್ಕೆ ಒಟ್ಟು ತೆರಿಗೆ ಶೇ. 40ರಲ್ಲೇ ಉಳಿಯಿತು, ಒಳ್ಳೆಯದಾಯಿತು. ಆದರೆ ಬಿಸ್ಕಿಟ್, ಚಾಕಲೇಟ್, ಇನ್‌ಸ್ಟಂಟ್ ನೂಡಲ್ಸ್, ಪ್ಯಾಕೆಟ್‌ನ ಖಾರಾ ತಿಂಡಿ, ಗ್ಯಾಸ್ ಇಲ್ಲದ ಹಣ್ಣಿನ ಪಾನೀಯ ಎಲ್ಲ ಶೇ. 5ಕ್ಕೆ ಇಳಿದವು. ತೆರಿಗೆ ನೋಡಿದ್ದು ಗ್ಯಾಸನ್ನು, ಸಕ್ಕರೆಯನ್ನಲ್ಲ. ಮಾವಿನ ಹಣ್ಣಿನ ಚಿತ್ರ ಇರುವ ಪಾನೀಯದಲ್ಲೂ ಸಕ್ಕರೆ ಕಡಿಮೆ ಏನಿರುವುದಿಲ್ಲ.

ಮಕ್ಕಳಿಗೆ ವಾಂತಿ ಭೇದಿ ಆದಾಗ ಮೆಡಿಕಲ್‌ನಿಂದ ತರುವ ‘ಓಆರ್‌ಎಸ್’ ಡಬ್ಬಿಯ ವಿಚಾರವೂ ಹಾಗೇ ಆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರ್ ನೀರಿಗೆ ಗ್ಲುಕೋಸ್ ಇರುವುದು 13.5 ಗ್ರಾಂ ಮಾತ್ರ. ಆ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಕೆಲವು ಬಣ್ಣದ ಪಾನೀಯಗಳಲ್ಲಿ ಸಕ್ಕರೆ ಅದರ ಹಲವು ಪಟ್ಟು ಇತ್ತು. ಅಷ್ಟು ಸಕ್ಕರೆ ಹೋದರೆ ಭೇದಿ ಇನ್ನೂ ಜೋರಾಗಬಹುದು. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಮೇಲೆ ಓಆರ್‌ಎಸ್ ಎಂದು ಬರೆಯಬಾರದು ಎಂದಿತು. ನಾವು ತರಬೇಕಾದದ್ದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿರುವ ಪುಡಿಯ ಸ್ಯಾಶೆಯನ್ನು. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಅದು ಉಚಿತವಾಗಿಯೇ ಸಿಗುತ್ತದೆ.

ಪುರುಸೊತ್ತು ಎಲ್ಲಿದೆ?

ಇಷ್ಟೆಲ್ಲ ಹೇಳಿದರೆ ಬರುವ ಮೊದಲ ಉತ್ತರ ಒಂದೇ, ‘ಪುರುಸೊತ್ತು ಎಲ್ಲಿದೆ?’ ಮಾತು ನಿಜ. ಹಿಂದೆ ಒಂದು ಮನೆಯಲ್ಲಿ ಮೂರು ನಾಲ್ಕು ಹೆಂಗಸರು ಸೇರಿ ಪತ್ತಿರ್ ತಟ್ಟುತ್ತಿದ್ದರು. ಈಗ ಫ್ಲ್ಯಾಟಿನಲ್ಲಿ ಒಬ್ಬಳೇ. ಅವಳೂ ಶಾಲೆಗೋ ಬ್ಯಾಂಕಿಗೋ ಕ್ಲಿನಿಕ್ಕಿಗೋ ಹೋಗಿ ಸಂಜೆ ಆರಕ್ಕೆ ಮನೆ ಸೇರುತ್ತಾಳೆ. ಮಕ್ಕಳ ಮದ್ರಸ, ಟ್ಯೂಷನ್ ನೋಡಬೇಕು. ರಾತ್ರಿ ಒಂಬತ್ತಕ್ಕೆ ಪರೋಟ, ಅಲ್‌ಫಾಮ್ ತರಿಸಿದರೆ ಯಾರನ್ನು ದೂರೋಣ?

ಆರೋಗ್ಯದ ಊಟದ ಪೂರ್ತಿ ಹೊಣೆಯನ್ನು ಮನೆಯ ಹೆಂಗಸಿನ ಮೇಲೆ ಹೊರಿಸಿದರೆ ಈ ಮಾತು ಉಪದೇಶವಾಗಿಯೇ ಉಳಿಯುತ್ತದೆ. ದುಬೈ, ಜುಬೈಲ್, ದೋಹಾದ ಬ್ಯಾಚುಲರ್ ರೂಮುಗಳಲ್ಲಿ ಸರದಿ ಪ್ರಕಾರ ಅಡುಗೆ ಮಾಡಿದ ಗಂಡಸರು ನಮ್ಮಲ್ಲಿ ಸಾವಿರಾರು. ಹತ್ತು ಮಂದಿಗೆ ಮೀನು ಸಾರು, ಅನ್ನ, ದಾಲ್ ಮಾಡಿ ಬಡಿಸಿದವರು ಊರಿಗೆ ಬಂದ ಕೂಡಲೇ ಅಡುಗೆ ಮನೆಯ ದಾರಿ ಮರೆಯುವುದು ಯಾಕೆ? ವಾರಕ್ಕೆ ಎರಡು ದಿನ ಉಪ್ಪ ಅಡುಗೆಗೆ ನಿಂತರೆ ಪಾರ್ಸೆಲ್ ಎರಡು ದಿನ ಕಡಿಮೆಯಾಗುತ್ತದೆ. ಇದಕ್ಕೆ ಯಾವ ಡಯಟ್ ಪುಸ್ತಕವೂ ಬೇಡ.

ಅಡುಗೆಯಾದರೂ ಹೊಸದು ಕಲಿಯಬೇಕಾಗಿಲ್ಲ. ಕುಚ್ಚಲಕ್ಕಿ ಅನ್ನ ಅಥವಾ ಗಂಜಿ, ಬೂತಾಯಿಯದ್ದೋ ಬಂಗುಡೆಯದ್ದೋ ಸಾರು, ಒಂದು ಪಲ್ಯ. ಇದು ನಮ್ಮ ಕರಾವಳಿಯ ಹಳೆಯ ಊಟ. ಬೂತಾಯಿ, ಬಂಗುಡೆಯಲ್ಲಿ ಹೃದಯಕ್ಕೆ ಒಳ್ಳೆಯದಾದ ಒಮೇಗಾ-3 ಕೊಬ್ಬು ಧಾರಾಳವಾಗಿದೆ. ತವಿಡು ಉಳಿದ ಕೆಂಪು ಕುಚ್ಚಲಕ್ಕಿಯಲ್ಲಿ ನಾರಿನಂಶ ಬೆಳ್ತಿಗೆಗಿಂತ ಹೆಚ್ಚು. ಆದರೆ ಅಲ್ಲೂ ಒಂದು ತಿದ್ದುಪಡಿ ಬೇಕು. ನಮ್ಮ ತಟ್ಟೆಯಲ್ಲಿ ಅನ್ನ ಗುಡ್ಡದಷ್ಟು, ಪಲ್ಯ ಉಪ್ಪಿನಕಾಯಿಯಷ್ಟು. ಪೋಷಣಾ ಸಂಸ್ಥೆ ಹೇಳುವುದು ತಟ್ಟೆಯ ಅರ್ಧ ಭಾಗ ತರಕಾರಿ ಹಣ್ಣು ಇರಲಿ ಅಂತ. ಬಸಳೆ, ಹರಿವೆ, ನುಗ್ಗೆ ಸೊಪ್ಪು ಹಿತ್ತಲಲ್ಲೇ ಬೆಳೆಯುತ್ತವೆ. ‘ಮಾಂಸ ಇದ್ದ ದಿನ ತರಕಾರಿ ಯಾಕೆ’ ಎಂಬ ಮಾತು ಬಿಟ್ಟರಾಯಿತು. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಂತು ಒಣಮೀನಿಗೆ ಹೋದಾಗ, ಅದನ್ನು ಚೆನ್ನಾಗಿ ನೀರಲ್ಲಿ ನೆನೆಸಿ ಉಪ್ಪು ಇಳಿಸುವುದನ್ನು ಮರೆಯಬಾರದು. ಬಿ.ಪಿ. ಮಾತ್ರೆ ತಿನ್ನುವವರಿಗೆ ಅದೂ ಆಗಾಗ ಬೇಡ.

ಮದುವೆ ಹಾಲಿನಲ್ಲೂ

ಮನೆಯಲ್ಲಿ ಎಷ್ಟು ಜಾಗ್ರತೆ ಮಾಡಿದರೂ ನಮ್ಮ ತಿನ್ನುವಿಕೆಯ ದೊಡ್ಡ ಪಾಲು ಮದುವೆ, ನಿಶ್ಚಿತಾರ್ಥ, ಇಫ್ತಾರ್ ಕೂಟಗಳಲ್ಲಿ ನಡೆಯುತ್ತದೆ. ಬಾಗಿಲಲ್ಲೇ ಹಸಿರು ನೀಲಿ ಬಣ್ಣದ ವೆಲ್ಕಮ್ ಡ್ರಿಂಕ್, ಒಳಗೆ ಬಿರಿಯಾನಿ, ನೈಚೋರ್, ಕೆಂಪು ಕಬಾಬ್, ಕೊನೆಗೆ ಐಸ್‌ಕ್ರೀಮ್. ದುಂದುವೆಚ್ಚದ ಮದುವೆ ಬೇಡ ಎಂಬ ಮಾತು ಜಮಾಅತ್‌ಗಳಲ್ಲಿ ಬಹಳ ಕಾಲದಿಂದ ನಡೆಯುತ್ತಿದೆ. ಅದರ ಜೊತೆ ಊಟದ ಮಾತೂ ಸೇರಲಿ. ಬಣ್ಣದ ಪಾನೀಯದ ಬದಲು ಎಳನೀರು ಅಥವಾ ಸಕ್ಕರೆ ಕಡಿಮೆ ಹಾಕಿದ ಲಿಂಬೆ ಶರಬತ್ತು, ಒಂದು ತಟ್ಟೆ ಹಣ್ಣು, ಕಬಾಬಿಗೆ ಬಣ್ಣ ಬೇಡ ಎಂದು ಕೇಟರಿಂಗ್‌ನವರಿಗೆ ಮೊದಲೇ ಹೇಳುವುದು. ಖರ್ಚು ಹೆಚ್ಚೇನೂ ಆಗುವುದಿಲ್ಲ. ಮಸೀದಿ ವಠಾರದಲ್ಲಿ ರಕ್ತದಾನ ಶಿಬಿರ ನಡೆಸುವ ನಮ್ಮ ಯುವಕರು ವರ್ಷಕ್ಕೊಮ್ಮೆ ಶುಗರ್, ಬಿ.ಪಿ. ತಪಾಸಣೆಯನ್ನೂ ಇಟ್ಟುಕೊಂಡರೆ ಹೊಸ್ತಿಲಲ್ಲಿರುವವರು ಅಲ್ಲೇ ತಿಳಿದುಕೊಳ್ಳಬಹುದು. ಆ ಹಂತದಲ್ಲಿ ಊಟ, ನಡಿಗೆ ಸರಿಮಾಡಿಕೊಂಡು ಹಿಂದೆ ಬಂದವರು ಬಹಳ ಮಂದಿ ಇದ್ದಾರೆ.

ಹೊರಗೆ ತಿನ್ನುವುದೇ ಬೇಡ ಎಂದು ನಾವು ಹೇಳುತ್ತಿಲ್ಲ. ಅದು ಆಗುವ ಮಾತೂ ಅಲ್ಲ. ಹೋಟೆಲಿನಲ್ಲಿ ಹಲಾಲ್ ಕೇಳುವ ಅದೇ ಗಟ್ಟಿ ದನಿಯಲ್ಲಿ ಇನ್ನು ಮೂರು ಪ್ರಶ್ನೆ ಸೇರಿಸೋಣ. ಮಯೋನೀಸ್ ಹಸಿ ಮೊಟ್ಟೆಯದ್ದಾ? ಕಬಾಬಿಗೆ ಬಣ್ಣ ಹಾಕಿದ್ದೀರಾ? ಕರಿದ ಎಣ್ಣೆ ಇವತ್ತಿನದ್ದಾ? ಕರಿದ ಎಣ್ಣೆ ಎಷ್ಟರವರೆಗೆ ಬಳಸಬಹುದು ಎನ್ನುವುದಕ್ಕೂ 2018ರಿಂದ ನಿಯಮ ಇದೆ, ಆದ್ದರಿಂದ ಇದು ಅಧಿಕಪ್ರಸಂಗದ ಪ್ರಶ್ನೆಯಲ್ಲ. ಉತ್ತರ ಸರಿ ಬಾರದಿದ್ದರೆ ಎದ್ದು ಬರಬಹುದು. ತಿಂದು ತೊಂದರೆಯಾದರೆ ಬಿಲ್ಲನ್ನು ಬಿಸಾಡದೆ ಇಟ್ಟುಕೊಳ್ಳಿ, ಅದರಲ್ಲಿ 14 ಅಂಕಿಗಳ ಪರವಾನಗಿ ಸಂಖ್ಯೆ ಇರಬೇಕು. ಆ ಸಂಖ್ಯೆಯೊಂದಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ಉಚಿತ ಸಹಾಯವಾಣಿ 1800112100ಕ್ಕೆ ಅಥವಾ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಬಹುದು.

ಈ ವಾರ ಸಾಮಾನು ತರಲು ಹೋದಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ. ಅವರಿಗೆ ಇಷ್ಟವಾದ ಒಂದು ಪೊಟ್ಟಣ ತಿರುಗಿಸಿ, ‘ಇದರಲ್ಲಿ ಎಷ್ಟು ಚಮಚ ಸಕ್ಕರೆ ಇದೆ, ಲೆಕ್ಕ ಹಾಕಿ ಹೇಳು’ ಎಂದು ಕೇಳಿ ನೋಡಿ. ಗ್ರಾಂ ಲೆಕ್ಕವನ್ನು ಐದರಿಂದ ಭಾಗಿಸಿದರೆ ಸಾಕು. ನಾಲ್ಕನೇ ಕ್ಲಾಸಿನ ಮಕ್ಕಳಿಗೂ ಬರುವ ಲೆಕ್ಕ ಅದು.