ಲೆಕ್ಕ ಬರೆಯದ ಹಿರಿಯರು

ಸುಗ್ಗಿ ಮುಗಿದು ಕಾಳು ಮನೆ ಸೇರಿದ ಮೇಲೆ ಬೆಳಗಾವಿ ಸೀಮೆಯ ಒಕ್ಕಲು ಮನೆಗಳಿಗೆ ಹೆಳವನು ಬರುವುದು ಬಹುಕಾಲದ ವಾಡಿಕೆ. ಕೃಷ್ಣೆಯ ಬದಿಯ ಉಗಾರ ಬುದ್ರುಕದಂಥ ಊರುಗಳಲ್ಲಿ ಹುಟ್ಟಿ, ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಪಟ್ಟಣ ಸೇರಿದವರಿಗೂ ಅವನ ನೆನಪು ಇದ್ದೀತು. ಎತ್ತನ್ನು ಅಂಗಳದಲ್ಲಿ ನಿಲ್ಲಿಸಿ, ಹಳೆಯ ಹೊತ್ತಗೆಯನ್ನು ಬಿಚ್ಚಿ, ಆ ಮನೆತನದ ಮೂಲಪುರುಷನು ಯಾರು, ಯಾವ ಊರು ಬಿಟ್ಟು ಬಂದನು, ಅವನಿಗೆ ಗಂಡುಮಕ್ಕಳೆಷ್ಟು, ಯಾರು ಯಾವ ಹೊಲವನ್ನು ಉತ್ತರು ಎಂಬುದನ್ನೆಲ್ಲ ಅವನು ರಾಗವಾಗಿ ಓದುವನು. ಕೇಳುವವರ ಎದೆ ಹಿಗ್ಗುವುದು. ಕಾಳು, ಬಟ್ಟೆ, ಪಾತ್ರೆಗಳ ಕಾಣಿಕೆಯನ್ನು ಪಡೆದು ಅವನು ಮುಂದಿನ ಮನೆಗೆ ನಡೆಯುವನು.

ಹೊಲ ಗಳಿಸಿದವರೂ ಗೌಡಕಿ ನಡೆಸಿದವರೂ ಇಂಥ ವಂಶಾವಳಿಗಳಲ್ಲಿ ಸಿಗುತ್ತಾರೆ. ಆದರೆ ನಡುರಾತ್ರಿಯಲ್ಲಿ ಬಾಗಿಲು ತಟ್ಟಿದ, ಕೈಕಾಲಲ್ಲಿ ಬೇಡಿಯ ಗಾಯವಿದ್ದ ಅಪರಿಚಿತನೊಬ್ಬನಿಗೆ ಅನ್ನವಿಕ್ಕಿ, ಬೆಳಗಾಗುವುದರೊಳಗೆ ಕಾಡಿನ ದಾರಿ ತೋರಿದ ಹಿರಿಯನೊಬ್ಬನು ಇದ್ದನೆಂದುಕೊಳ್ಳೋಣ. ಅವನ ಆ ಒಂದು ರಾತ್ರಿ ಯಾವ ಹೊತ್ತಗೆಯಲ್ಲಿ ಸಿಕ್ಕೀತು?

ಅಮೆರಿಕೆಯಲ್ಲಿ ಅಂಥ ಹೊತ್ತಗೆಯೊಂದು ಉಂಟು. ದಕ್ಷಿಣದ ರಾಜ್ಯಗಳಿಂದ ಓಡಿಬಂದ ಗುಲಾಮರಿಗೆ ನೆರವಾಗುತ್ತಿದ್ದ ವಿಲಿಯಂ ಸ್ಟಿಲ್ ಎಂಬ ಕರಿಯ ಗೃಹಸ್ಥನು ಫಿಲಡೆಲ್ಫಿಯಾ ನಗರದಲ್ಲಿ ಪ್ರತಿಯೊಬ್ಬರ ಕಥೆಯನ್ನೂ ಬರೆದು ಗುಪ್ತವಾಗಿಟ್ಟು, 1872ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. 1850ರಲ್ಲಿ ತನ್ನೆದುರು ಕುಳಿತು ಕಥೆ ಹೇಳುತ್ತಿದ್ದವನು ತಾನೆಂದೂ ಕಾಣದಿದ್ದ ಸ್ವಂತ ಅಣ್ಣ ಪೀಟರನೇ ಎಂಬುದು ಅವನಿಗೆ ಹಾಗೆಯೇ ತಿಳಿದುಬಂದಿತು. ಬರೆದಿಟ್ಟವರಿದ್ದುದರಿಂದ ಅಲ್ಲಿ ಅನೇಕ ಮನೆತನಗಳು ತಮ್ಮ ಹಿರಿಯರ ಧೈರ್ಯವನ್ನು ಇಂದಿಗೂ ಹೆಸರು ಹಿಡಿದು ಹೇಳಬಲ್ಲವು.

ಗುಲಾಮಗಿರಿಯು ಅಮೆರಿಕೆಯ ಮಾತು, ನಮ್ಮ ನಾಡಿಗೆ ಏನು ಸಂಬಂಧ ಎಂದು ಕೇಳುವವರು ಬೆಳಗಾವಿ ಜಿಲ್ಲೆಯ ದಕ್ಷಿಣದ ಅಂಚಿಗೆ ಒಮ್ಮೆ ಹೋಗಿಬರಬೇಕು. ಉಗಾರವಿರುವ ಉತ್ತರಭಾಗ ಬಯಲುಸೀಮೆ. ದಕ್ಷಿಣದ ಖಾನಾಪುರ ತಾಲೂಕು ದಟ್ಟವಾದ ಅಡವಿ. ಅಲ್ಲಿಯ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದೇ ತಾಲೂಕಿನಲ್ಲಿ ಹುಟ್ಟುವ ಮಹಾದಾಯಿಯು ಪಶ್ಚಿಮಕ್ಕೆ ಘಟ್ಟವಿಳಿದು ಗೋವೆಯ ಕಡಲನ್ನು ಸೇರುತ್ತದೆ. ಆ ಕಡಲ ತೀರದಲ್ಲಿತ್ತು ಮನುಷ್ಯರ ಸಂತೆ.

ಗೋವೆಯು 1510ರಲ್ಲಿ ಪೋರ್ತುಗೀಜರ ವಶವಾಯಿತು. ಆಫ್ರಿಕದ ಮೊಜಾಂಬಿಕ ಮೊದಲಾದ ಕಡೆಗಳಿಂದ ಗಂಡಸರು, ಹೆಂಗಸರು, ಮಕ್ಕಳು ಹಡಗುಗಳಲ್ಲಿ ಬಂದಿಳಿದರು. 1583ರಿಂದ 1588ರವರೆಗೆ ಗೋವೆಯಲ್ಲಿ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿದ್ದ ಡಚ್ ಪ್ರವಾಸಿ ಲಿನ್‌ಸ್ಕೋಟನ್ ಎಂಬವನು, ನಗರದ ಹಿರಿಯ ಬೀದಿಯಲ್ಲಿ ಆಳುಗಳನ್ನು ದನಗಳಂತೆ ಹರಾಜು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಪಲ್ಲಕ್ಕಿ ಹೊರುವುದು, ಛತ್ರಿ ಹಿಡಿಯುವುದು, ನೀರು ತರುವುದು, ಅಡಿಗೆ ಮಾಡುವುದು, ಎಲ್ಲವೂ ಅವರ ಪಾಲಿಗೆ ಬಂದ ದುಡಿಮೆ. ಪೋರ್ತುಗೀಜ ಸರಕಾರವು ಗುಲಾಮರ ವ್ಯಾಪಾರವನ್ನು 1836ರಲ್ಲಿ ನಿಷೇಧಿಸಿತು. ಗುಲಾಮಗಿರಿಯನ್ನೇ ರದ್ದುಗೊಳಿಸುವ ಆಜ್ಞೆ ಹೊರಟದ್ದು 1869ರಲ್ಲಿ.

ಮೂರು ಶತಮಾನಗಳಿಗೂ ಮಿಕ್ಕ ಈ ಅವಧಿಯಲ್ಲಿ ತಪ್ಪಿಸಿಕೊಂಡವರು ಓಡಿದ್ದು ಘಟ್ಟದ ಮೇಲಕ್ಕೆ. ಖಾನಾಪುರ, ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಗಳ ಅಡವಿಗಳಲ್ಲಿ ಇಂದು ಬಾಳುತ್ತಿರುವ ಸಿದ್ದಿ ಜನಾಂಗದ ಪೂರ್ವಿಕರಲ್ಲಿ ಅನೇಕರು ಹೀಗೆ ಬಂದವರು. ಅವರಲ್ಲಿ ಹಿಂದೂಗಳುಂಟು, ಮುಸಲ್ಮಾನರುಂಟು, ಕ್ರೈಸ್ತರುಂಟು. ಮೂರು ಮತದವರನ್ನೂ ಕೂಡಿಸುವುದು ಡಮಾಮಿ ವಾದ್ಯದ ನಾದ.

ಈಗ ಒಂದು ಪ್ರಶ್ನೆಯನ್ನು ಕೇಳಲೇಬೇಕು. ಭಾಷೆ ತಿಳಿಯದ, ದಾರಿ ಗೊತ್ತಿಲ್ಲದ, ಮೈಬಣ್ಣದಿಂದಲೇ ಗುರುತು ಸಿಗುವಂಥ ಒಬ್ಬ ಮನುಷ್ಯನು, ಸುಂಕದ ಕಟ್ಟೆಗಳನ್ನೂ ಕಾವಲುಗಾರರನ್ನೂ ತಪ್ಪಿಸಿ, ಹುಲಿಗಳಿದ್ದ ಘಟ್ಟವನ್ನು ಹತ್ತಿ ಬದುಕಿಕೊಂಡದ್ದು ಹೇಗೆ? ಎಲ್ಲಿಯೋ ಒಬ್ಬ ದನಗಾಹಿಯು ಕಾಲುದಾರಿಯನ್ನು ತೋರಿರಬೇಕು. ಎಲ್ಲಿಯೋ ಒಬ್ಬ ತಾಯಿ ಅಂಬಲಿಯನ್ನು ಎರೆದಿರಬೇಕು. ಹುಡುಕುತ್ತ ಬಂದವರಿಗೆ ಯಾರೋ ಒಬ್ಬರು ‘ಇತ್ತ ಯಾರೂ ಬರಲಿಲ್ಲ’ ಎಂದಿರಬೇಕು. ಇದು ಊಹೆಯೇ ನಿಜ. ಆದರೆ ಒಬ್ಬಂಟಿಯಾದ ಪರದೇಶಿಗೆ ಒಮ್ಮೆಯಾದರೂ ಮತ್ತೊಬ್ಬರ ಕೈ ಬೇಕಾಗದೆ ಇರದು. ಸಿದ್ದಿಗಳ ಮನೆಮಾತು ಕೊಂಕಣಿ. ಅವರು ಕನ್ನಡವನ್ನೂ ಮರಾಠಿಯನ್ನೂ ಆಡಬಲ್ಲರು. ಕಲಿಸುವವರು ಇಲ್ಲದೆ ನುಡಿ ಬಂದೀತೆ?

ಬಿಡುಗಡೆ ಮಾಡಿದವರ ಹೆಸರು ಉಳಿಯದಿರುವುದು ದೊಡ್ಡವರ ಚರಿತ್ರೆಯಲ್ಲಿಯೂ ಉಂಟು. ಸುಮಾರು 1548ರಲ್ಲಿ ಇಥಿಯೋಪಿಯದಲ್ಲಿ ಹುಟ್ಟಿ, ಹಲವು ಕೈ ದಾಟಿ ಮಾರಾಟವಾಗಿ, ದಖ್ಖಣಕ್ಕೆ ಬಂದ ಮಲಿಕ್ ಅಂಬರನ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು. ಅಹಮದನಗರದ ಪೇಶ್ವೆ ಚಂಗೇಜಖಾನನು ಅವನನ್ನು ಕೊಂಡನು. ಆ ಚಂಗೇಜಖಾನನೂ ಒಂದು ಕಾಲದಲ್ಲಿ ಗುಲಾಮನೇ. ಒಡೆಯನು ತೀರಿಕೊಂಡ ಮೇಲೆ ಅಂಬರನನ್ನು ಸ್ವತಂತ್ರಗೊಳಿಸಿದವಳು ಆ ಒಡೆಯನ ಹೆಂಡತಿ. ಅಂಬರನು ಬಿಜಾಪುರದ ಆದಿಲಶಾಹಿಯಲ್ಲಿಯೂ ಸೇವೆ ಸಲ್ಲಿಸಿ, ಮುಂದೆ ಅಹಮದನಗರದ ರಾಜ್ಯಭಾರವನ್ನೇ ವಹಿಸಿ, ಮೊಗಲರನ್ನು ದಶಕಗಳ ಕಾಲ ತಡೆದು ನಿಲ್ಲಿಸಿ, 1626ರಲ್ಲಿ ಮಡಿದನು. ಅವನ ಯುದ್ಧಗಳ ವಿವರ ಗ್ರಂಥಗಳಲ್ಲಿ ತುಂಬಿದೆ. ಅವನಿಗೆ ಬಿಡುಗಡೆಯನ್ನು ಕೊಟ್ಟವಳು ಮಾತ್ರ ‘ಒಡೆಯನ ಹೆಂಡತಿ’ ಎಂಬ ಎರಡು ಪದಗಳಲ್ಲಿ ಮುಗಿದುಹೋಗುತ್ತಾಳೆ.

ಕಾನೂನು ನೆರವಿಗೆ ಬಂದದ್ದು ತಡವಾಗಿ. ಬೆಳಗಾವಿಯು 1818ರಲ್ಲಿ ಕಂಪನಿ ಸರಕಾರದ ಕೈಸೇರಿತು. 1843ರ ಐದನೆಯ ಕಾಯಿದೆಯು ಗುಲಾಮನ ಮೇಲಿನ ಒಡೆತನದ ಹಕ್ಕನ್ನು ಯಾವ ನ್ಯಾಯಾಲಯವೂ ಎತ್ತಿಹಿಡಿಯಕೂಡದೆಂದು ವಿಧಿಸಿತು. ಅಂದಿನಿಂದ ಘಟ್ಟವನ್ನು ಹತ್ತಿ ಬಂದವನ ಬೆನ್ನಟ್ಟಿದ ಒಡೆಯನಿಗೆ ಇತ್ತಣ ಕಚೇರಿಯಲ್ಲಿ ಆಸರೆಯಿರಲಿಲ್ಲ. ಮನುಷ್ಯರನ್ನು ಕೊಳ್ಳುವುದೂ ಮಾರುವುದೂ ಶಿಕ್ಷಾರ್ಹ ಅಪರಾಧವಾದದ್ದು 1862ರಲ್ಲಿ ಜಾರಿಗೆ ಬಂದ ದಂಡಸಂಹಿತೆಯಿಂದ. ಅದಕ್ಕೂ ಮೊದಲಿನ ಮುನ್ನೂರು ವರ್ಷ ಓಡಿಬಂದವನ ಪಾಲಿಗೆ ಇದ್ದ ಕಾನೂನೆಂದರೆ ಬಾಗಿಲು ತೆರೆದವರ ಮನಸ್ಸೊಂದೇ.

ಆದರೆ ಬಾಗಿಲು ತೆರೆದವರೆಲ್ಲರೂ ಧರ್ಮಾತ್ಮರಾಗಿದ್ದರೆಂದು ಬರೆದರೆ ಸತ್ಯಕ್ಕೆ ಅಪಚಾರವಾದೀತು. ಘಟ್ಟದ ಮೇಲೆ ಬಂದ ಸಿದ್ದಿಗಳಲ್ಲಿ ಅನೇಕರು ಜಮೀನುದಾರರ ತೋಟಗಳಲ್ಲಿ ತಲೆತಲಾಂತರವಾಗಿ ಜೀತದಾಳುಗಳಾದರು. ಕೊಟ್ಟ ಕಾಳು ಸಾಲವಾಯಿತು. ಮದುವೆಗೆಂದು ನೀಡಿದ ಸೀರೆ ಸಾಲವಾಯಿತು. ತಂದೆಯ ಸಾಲಕ್ಕೆ ಮಗನು ದುಡಿದನು. ಗೋವೆಯಲ್ಲಿ ಸಂಕೋಲೆ ಮಾಡಿದ ಕೆಲಸವನ್ನು ಇಲ್ಲಿ ಲೆಕ್ಕದ ಪುಸ್ತಕ ಮಾಡಿತು. ಸಂವಿಧಾನದ 23ನೆಯ ವಿಧಿಯು ಬಿಟ್ಟಿ ದುಡಿಮೆಯನ್ನು ನಿಷೇಧಿಸಿದ ಮೇಲೂ ಅದು ನಿಲ್ಲಲಿಲ್ಲ. 1975ರ ಸುಗ್ರೀವಾಜ್ಞೆಯೂ, ಅದರ ಬೆನ್ನಿಗೆ ಬಂದ 1976ರ ಕಾಯಿದೆಯೂ ಜೀತವನ್ನು ರದ್ದುಪಡಿಸಿ ಜೀತದ ಸಾಲಗಳನ್ನೆಲ್ಲ ಅಳಿಸಿಹಾಕಬೇಕಾಯಿತು.

ಆದುದರಿಂದ ಹಿರಿಯರ ಉಪಕಾರವನ್ನು ಅಳೆಯುವಾಗ ಒಂದು ಭೇದವನ್ನು ನೆನಪಿನಲ್ಲಿಡಬೇಕು. ಹಸಿದವನಿಗೆ ರೊಟ್ಟಿಯನ್ನು ಕೊಟ್ಟು ಅದನ್ನು ಪುಸ್ತಕದಲ್ಲಿ ಬರೆದುಕೊಂಡವನು ಹೊಸ ಒಡೆಯನಾದನು. ಕೊಟ್ಟು ಮರೆತವನೇ ನಿಜವಾಗಿ ಬಿಡಿಸಿದವನು. ಅಂಥವನ ಹೆಸರು ದಫ್ತರಗಳಲ್ಲಿ ಸಿಗದಿರುವುದಕ್ಕೆ ಇದೂ ಒಂದು ಕಾರಣ. ಅವನು ಸಾಲವನ್ನು ಬರೆಯಲಿಲ್ಲ, ಸಾಕ್ಷಿಯನ್ನು ಕರೆಯಲಿಲ್ಲ. ಹೇಳಿಕೊಂಡರೆ ಆಶ್ರಿತನ ಪ್ರಾಣಕ್ಕೇ ಅಪಾಯವಿತ್ತು. ಹೆಂಡತಿ ಮಕ್ಕಳಿಗೂ ತಿಳಿಸದೆ ಅವನು ಆ ಮಾತನ್ನು ಮಣ್ಣಿಗೆ ಒಯ್ದಿದ್ದರೆ ಆಶ್ಚರ್ಯವಿಲ್ಲ.

ಸಿದ್ದಿಗಳು ಮಾತ್ರ ತಮ್ಮವರನ್ನು ಮರೆತಿಲ್ಲ. ಹಿಂದೂ ಸಿದ್ದಿಗಳ ಮನೆಗಳಲ್ಲಿ ‘ಹಿರಿಯರು’ ಎಂಬ ಪೂಜೆಯಿದೆ. ಗತಿಸಿದ ಪೂರ್ವಿಕರನ್ನು ತೆಂಗಿನಕಾಯಿಯ ರೂಪದಲ್ಲಿಟ್ಟು ಅವರು ಪೂಜಿಸುತ್ತಾರೆ. ಓಡಿಬಂದ ಅಜ್ಜನ ಹೆಸರು ಗೊತ್ತಿಲ್ಲದಿದ್ದರೂ ಪೂಜೆ ತಪ್ಪುವುದಿಲ್ಲ. ಉತ್ತರಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಬೆಳಗಾವಿ ಧಾರವಾಡ ಜಿಲ್ಲೆಗಳವರಿಗೆ ದೊರೆತದ್ದು 2020ರಲ್ಲಿ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ಕರ್ನಾಟಕದ ವಿಧಾನಪರಿಷತ್ತಿಗೆ ನಾಮಕರಣಗೊಂಡರು. ಆ ಜನಾಂಗದಿಂದ ಶಾಸನಸಭೆಯನ್ನು ಪ್ರವೇಶಿಸಿದವರಲ್ಲಿ ಅವರೇ ಮೊದಲಿಗರು.

ತಮ್ಮ ವಂಶದಲ್ಲಿಯೂ ಅಂಥ ಒಬ್ಬ ಬಿಡಿಸಿದವನು ಇದ್ದನೆಂದು ನಂಬಲು ಯಾವ ಮನೆತನಕ್ಕೆ ಆಸೆಯಾಗದು? ನಂಬಿದರೆ ತಪ್ಪೇನೂ ಇಲ್ಲ. ಆದರೆ ಆ ನಂಬಿಕೆಯ ಜೊತೆಗೆ ಅಟ್ಟದ ಮೇಲಿನ ಹಳೆಯ ಲೆಕ್ಕದ ಪುಸ್ತಕಗಳನ್ನೂ ಒಮ್ಮೆ ಕೆಳಗಿಳಿಸಿ ನೋಡುವುದು ಒಳಿತು. ಅಲ್ಲಿ ಆಳುಗಳ ಹೆಸರಿನ ಮುಂದೆ, ತೀರದ ಸಾಲದ ಮೊತ್ತವು ಮೊಮ್ಮಕ್ಕಳವರೆಗೆ ಸಾಗಿ ಬಂದಿದ್ದರೆ, ಆ ಹಿರಿಯರೂ ನಮ್ಮವರೇ. ಮನೆಗೆಲಸಕ್ಕೆ ಬರುವ ಹುಡುಗಿಗೆ ಮುಂಗಡವೆಂದು ಕೊಟ್ಟ ಹಣ ಅವಳ ಶಾಲೆಯನ್ನು ಬಿಡಿಸುವ ಸಾಲವಾಗದಂತೆ ನೋಡಿಕೊಳ್ಳುವುದು ಇಂದಿನ ಗೃಹಸ್ಥರ ಕೈಯಲ್ಲಿಯೇ ಇದೆ. ಅದನ್ನು ಯಾವ ಹೆಳವನೂ ಬರೆದುಕೊಳ್ಳಲಾರನು. ಆ ಹುಡುಗಿ ನಾಳೆ ಶಾಲೆಗೆ ಹೋದರೆ ಸಾಕು.