ಉಚ್ಚಶಿಕ್ಷಣವೂ ಆಪ್ತವಾಕ್ಯವೂ

ಪರೀಕ್ಷೆಗಳು ಮುಗಿದು ಕಾಲೇಜುಗಳ ಬಾಗಿಲು ತೆರೆಯುವ ಕಾಲದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶದ ಸುತ್ತಣ ಬೀದಿಗಳಲ್ಲಿ ಒಂದು ನೋಟವು ಪ್ರತಿವರ್ಷವೂ ನಮ್ಮ ಕಣ್ಣಿಗೆ ಬೀಳುತ್ತದೆ. ಜೆರಾಕ್ಸ್ ಅಂಗಡಿಯ ಮುಂದೆ, ಕಾರ್ಖಾನೆಯ ಉಡುಪಿನಲ್ಲಿಯೇ ಬಂದ ತಂದೆಯೊಬ್ಬನು ನಿಂತಿರುವನು. ಪಕ್ಕದಲ್ಲಿ ಮಗನೋ ಮಗಳೋ ಪ್ಲಾಸ್ಟಿಕ್ ಚೀಲದಿಂದ ಜಾತಿಯ ಪ್ರಮಾಣಪತ್ರ, ಆದಾಯದ ಪ್ರಮಾಣಪತ್ರ, ವ್ಯಾಸಂಗದ ಪ್ರಮಾಣಪತ್ರಗಳನ್ನು ಒಂದೊಂದಾಗಿ ತೆಗೆದು ಅಂಗಡಿಯವನ ಕೈಗೆ ಕೊಡುತ್ತಿರುವುದು. ಆ ವಂಶದಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತುವ ಮೊದಲನೆಯ ಜೀವವದು. ಇಂಥವರ ವಿದ್ಯಾಭ್ಯಾಸದ ವಿಚಾರವಾಗಿ ಬರೆಯುವವರು ಯಾರು, ಅವರ ಬರೆಹದಿಂದ ಆಗುವ ಪ್ರಯೋಜನವೇನು ಎಂಬುದನ್ನು ಈ ಸಲ ವಾಚಕರೊಡನೆ ಆಲೋಚಿಸಬೇಕೆಂದಿದ್ದೇವೆ.

ದೂರದ ದೇಶದ ಒಂದು ಉದಾಹರಣೆಯಿಂದ ಆರಂಭಿಸುವೆವು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ಮೆಕ್ಸಿಕೊ, ಪೋರ್ಟೊ ರಿಕೊ, ಕ್ಯೂಬಾ ಮೊದಲಾದ ಸ್ಪ್ಯಾನಿಷ್ ಭಾಷೆಯ ನಾಡುಗಳಿಂದ ಬಂದು ನೆಲಸಿದವರನ್ನೂ ಅವರ ಸಂತತಿಯನ್ನೂ ಒಟ್ಟಾಗಿ ಹಿಸ್ಪಾನಿಕ್ ಜನರೆಂದು ಕರೆಯುವರು. 1980ರ ಜನಗಣತಿಯಲ್ಲಿ ಈ ಮೂಲದ ಪ್ರಶ್ನೆಯನ್ನು ಎಲ್ಲ ಮನೆಗಳವರಿಗೂ ಹಾಕಲಾಯಿತು. 1986ರಲ್ಲಿ ಟೆಕ್ಸಾಸ್ ಪ್ರಾಂತ್ಯದ ಸ್ಯಾನ್ ಆಂಟೋನಿಯೊ ನಗರದಲ್ಲಿ, ಇವರ ಮಕ್ಕಳು ಹೆಚ್ಚಾಗಿ ಓದುವ ಕಾಲೇಜುಗಳ ಸಂಘವೊಂದು ಹುಟ್ಟಿತು. 1990ರಲ್ಲಿ ಇವರ ಉಚ್ಚಶಿಕ್ಷಣದ ವಿಚಾರಕ್ಕೇ ಮೀಸಲಾದ ಪತ್ರಿಕೆಯೊಂದು ಹೊರಟಿತು. 1992ರಲ್ಲಿ, ಪದವಿಯ ವಿದ್ಯಾರ್ಥಿಗಳಲ್ಲಿ ನೂರಕ್ಕೆ 25 ಮಂದಿಯಾದರೂ ಈ ಜನಾಂಗದವರಿರುವ ಕಾಲೇಜುಗಳನ್ನು ಅಲ್ಲಿಯ ಶಾಸನವೇ ಬೇರೆಯಾಗಿ ಗುರುತಿಸಿತು. ಮೊದಲು ಒಂದು ಹೆಸರು, ಬಳಿಕ ಎಣಿಕೆ, ಬಳಿಕ ಪತ್ರಿಕೆ ಮತ್ತು ಶಾಸನ. ಇವೆಲ್ಲವೂ ಹನ್ನೆರಡು ವರ್ಷಗಳಲ್ಲಿ ಆದವು.

ನಮ್ಮ ನಾಡಿನಲ್ಲಿ ಈ ಕಾರ್ಯವು ಅದಕ್ಕಿಂತಲೂ ಬಹಳ ಹಿಂದೆಯೇ ತೊಡಗಿತೆಂಬುದನ್ನು ಹಲವರು ಮರೆತಿರಬಹುದು. 1918ರಲ್ಲಿ ಮೈಸೂರು ಸರಕಾರದವರು ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಹಿಂದುಳಿದ ಜನಾಂಗಗಳವರಿಗೆ ಸರಕಾರಿ ಕೆಲಸಗಳಲ್ಲಿ ತಕ್ಕಷ್ಟು ಸ್ಥಾನವನ್ನು ದೊರಕಿಸುವ ಬಗೆ ಯಾವುದೆಂಬುದರ ಜೊತೆಗೆ, ಅವರಲ್ಲಿ ಉಚ್ಚಶಿಕ್ಷಣವನ್ನು ಪ್ರೋತ್ಸಾಹಿಸುವ ಉಪಾಯಗಳನ್ನು ಸೂಚಿಸುವುದೂ ಆ ಸಮಿತಿಯ ಕೆಲಸವಾಗಿದ್ದಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಯೋಗ್ಯತೆಯೊಂದೇ ಅಳತೆಯಾಗಿರಬೇಕೆಂಬ ಅಭಿಪ್ರಾಯವಿದ್ದಿತು. ಅವರು ಆ ವರ್ಷವೇ ಅಧಿಕಾರವನ್ನು ಬಿಟ್ಟರು. ಸಮಿತಿಯ ವರದಿಯು 1919ರಲ್ಲಿ ಬಂದಿತು. ಅದೇ 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ, ಎ. ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ, 'ಪ್ರಬುದ್ಧ ಕರ್ಣಾಟಕ'ವು ಹೊರಟಿತು. ಇಂಗ್ಲಿಷಿನಲ್ಲಿ ಪಾಠವನ್ನು ಕೇಳುವ ಹುಡುಗನು ಕನ್ನಡದಲ್ಲಿ ಆಲೋಚಿಸಿ ಬರೆಯಬಲ್ಲನೆಂಬುದನ್ನು ಆ ಪತ್ರಿಕೆಯು ತೋರಿಸಿಕೊಟ್ಟಿತು. ಕಾಲೇಜಿನೊಳಕ್ಕೆ ಬರುವವರು ಯಾರು ಎಂಬ ಪ್ರಶ್ನೆಯೂ, ಬಂದವರು ಯಾವ ಭಾಷೆಯಲ್ಲಿ ಮಾತನಾಡಬೇಕೆಂಬ ಪ್ರಶ್ನೆಯೂ ಒಂದೇ ವರ್ಷದಲ್ಲಿ ಅಚ್ಚಾದುವು.

ಮುಂದೆ 1972ರಲ್ಲಿ ದೇವರಾಜ ಅರಸರ ಸರಕಾರವು ಎಲ್. ಜಿ. ಹಾವನೂರರ ಆಯೋಗವನ್ನು ನೇಮಿಸಿತು; 1975ರಲ್ಲಿ ಅದರ ವರದಿಯು ಸಿದ್ಧವಾಯಿತು. ಯಾವ ಜಾತಿಯ ಎಷ್ಟು ಮಕ್ಕಳು ಪ್ರೌಢಶಾಲೆಯನ್ನು ದಾಟುತ್ತಾರೆಂಬ ಲೆಕ್ಕವನ್ನು ಅದು ನಾಡಿನ ಮುಂದೆ ಇಟ್ಟಿತು. ಅಲ್ಲಿಯವರೆಗೆ 'ಅವರಿಗೆ ವಿದ್ಯೆಯಲ್ಲಿ ಆಸಕ್ತಿ ಸಾಲದು' ಎಂದು ಜಗಲಿಯ ಮೇಲೆ ಕುಳಿತು ಹೇಳಿ ಮುಗಿಸುತ್ತಿದ್ದವರಿಗೆ ಅಂಕಿಗಳು ಉತ್ತರ ಕೊಟ್ಟವು. ಎಣಿಸಿ ಬರೆಯುವವರ ಉಪಕಾರವು ಇಂಥದು.

ಆದರೆ ಎಣಿಕೆಗೆ ಒಂದು ಎಲ್ಲೆಯೂ ಉಂಟು. ಈಗ ನಮ್ಮಲ್ಲಿ ವೃತ್ತಿಶಿಕ್ಷಣದ ಪ್ರವೇಶಕ್ಕೆ, ಹತ್ತು ವರ್ಷ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆಂದು ನೂರಕ್ಕೆ 15 ಸ್ಥಾನಗಳೂ, ಹತ್ತು ವರ್ಷ ಕನ್ನಡದಲ್ಲಿ ಓದಿದವರಿಗೆಂದು ನೂರಕ್ಕೆ 5 ಸ್ಥಾನಗಳೂ ಮೀಸಲಾಗಿವೆ. ಇದು ಒಳ್ಳೆಯ ಏರ್ಪಾಟೇ ಸರಿ. ಆದರೆ ರಾಯಚೂರಿನ ಕಡೆಯ ಹಳ್ಳಿಯಲ್ಲಿ ನಾಲ್ಕನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ತಂದೆಗೆ ಕೆಲಸ ಸಿಕ್ಕಿತೆಂದು ಪೀಣ್ಯಕ್ಕೆ ಬಂದು, ಬೀದಿಯ ಕೊನೆಯ ಇಂಗ್ಲಿಷ್ ಮಾಧ್ಯಮದ ಸಣ್ಣ ಶಾಲೆಗೆ ಸೇರಿದ ಹುಡುಗನು ಈ ಎರಡರಲ್ಲಿ ಯಾವ ಮನೆಯೊಳಕ್ಕೆ ಬರುವನು? ಎರಡಕ್ಕೂ ಇಲ್ಲ. ಅವನ ಕಷ್ಟವು ಅರ್ಜಿಯ ಯಾವ ಅಂಕಣದಲ್ಲಿಯೂ ಹಿಡಿಸುವುದಿಲ್ಲ. ಅಂಕಣದಲ್ಲಿ ಹಿಡಿಸದುದನ್ನು ಮಾತಿನಲ್ಲಿ ಬರೆಯಬೇಕು. ಅದನ್ನು ಬರೆಯಬಲ್ಲವನು ಅನುಭವಿಸಿದವನೇ.

ಹಾಗೆ ಬರೆದವರು ಕನ್ನಡದಲ್ಲಿ ಇಲ್ಲದಿಲ್ಲ. ಮಾಗಡಿಯ ಸೀಮೆಯಲ್ಲಿ ಹುಟ್ಟಿ, ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಓದಿ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿಯೇ ಪ್ರಾಧ್ಯಾಪಕರಾದ ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ'ಯನ್ನು ವಾಚಕರಲ್ಲಿ ಅನೇಕರು ಓದಿರುವರು. ಅದರಲ್ಲಿ ಹಸಿವೂ ಅವಮಾನವೂ ಉಂಟು. ಆದರೂ ಓದುವವನು ನಗದೆ ಇರಲಾರನು, ನಕ್ಕ ಬಳಿಕ ತಲೆ ತಗ್ಗಿಸದೆಯೂ ಇರಲಾರನು. ಮುದ್ದೇಬಿಹಾಳದ ಅರವಿಂದ ಮಾಲಗತ್ತಿಯವರು 1994ರಲ್ಲಿ ಪ್ರಕಟಿಸಿದ ಆತ್ಮಕಥೆಗೆ 'ಗೌರ್ಮೆಂಟ್ ಬ್ರಾಹ್ಮಣ' ಎಂದು ಹೆಸರಿಟ್ಟರು. ಸರಕಾರದ ಸಹಾಯದಿಂದ ಓದುವ ದಲಿತ ಹುಡುಗರನ್ನು ಅಣಕಿಸಲು ಇತರರು ಆಡುತ್ತಿದ್ದ ಮಾತು ಅದು. ಅಣಕದ ಮಾತನ್ನೇ ಎತ್ತಿ ಪುಸ್ತಕದ ಮುಖಪತ್ರದ ಮೇಲೆ ಇಟ್ಟರೆ ಅಣಕಿಸಿದವನಿಗೆ ಆಡಲು ಉಳಿಯುವ ಮಾತಾವುದು? ಮಿಲ್ಲರ್ ಅವರ ವರದಿಯಲ್ಲಿ ಯಾರನ್ನು ಕುರಿತು ಇತರರು ಬರೆಯಬೇಕಾಗಿದ್ದಿತೋ ಅಂಥವರೇ, ಮುಕ್ಕಾಲು ಶತಮಾನದ ಬಳಿಕ, ತಾವೇ ಲೇಖನಿಯನ್ನು ಹಿಡಿದರು.

ನಾವು ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರಾದುದರಿಂದ ಈ ಸಂದರ್ಭದಲ್ಲಿ ನ್ಯಾಯಶಾಸ್ತ್ರದ ವಿಚಾರವೊಂದು ನೆನಪಿಗೆ ಬರುತ್ತದೆ. ಆಪ್ತನ ಮಾತು ಪ್ರಮಾಣವೆಂದು ನೈಯಾಯಿಕರು ಒಪ್ಪುತ್ತಾರೆ. ಆಪ್ತನೆಂದರೆ ಯಾರು? ವಸ್ತುವನ್ನು ತಾನೇ ಸಾಕ್ಷಾತ್ತಾಗಿ ಕಂಡು, ಕಂಡಂತೆಯೇ ಇತರರಿಗೆ ತಿಳಿಸಬೇಕೆಂಬ ಇಚ್ಛೆಯುಳ್ಳವನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವಾದುದೆಂದು ಭಾಷ್ಯಕಾರನಾದ ವಾತ್ಸ್ಯಾಯನನೇ ಹೇಳಿದ್ದಾನೆ. ಹುಟ್ಟನ್ನೂ ಪಾಂಡಿತ್ಯವನ್ನೂ ಅವನು ಕೇಳಲಿಲ್ಲ. ಕಂಡಿರುವೆಯಾ, ಕಂಡಂತೆ ಹೇಳುವೆಯಾ ಎಂಬುದನ್ನು ಮಾತ್ರ ಕೇಳಿದನು. ಇದನ್ನು ನಾವು ಹದಿನೆಂಟನೆಯ ವಯಸ್ಸಿನಲ್ಲಿಯೇ ಬಾಯಿಪಾಠ ಮಾಡಿದ್ದೆವು. ಅದು ಅರ್ಥವಾದುದು ಮಾತ್ರ ಬಹಳ ತಡವಾಗಿ, ಹೇಗೆಂಬುದನ್ನು ಹೇಳಿಬಿಡುತ್ತೇವೆ.

ಸುಮಾರು ಹದಿನೈದು ವರ್ಷಗಳ ಹಿಂದೆ, ನಾವು ಕನ್ನಡವನ್ನು ಕಲಿಸುತ್ತಿದ್ದ ಶಾಲೆಗೆ, ಮೇಲೆ ಹೇಳಿದಂತೆಯೇ ರಾಯಚೂರಿನ ಕಡೆಯಿಂದ ಬಂದ ಹುಡುಗನೊಬ್ಬನು ಸೇರಿದನು. 'ನನ್ನ ವಿದ್ಯಾಭ್ಯಾಸ' ಎಂಬ ವಿಷಯದ ಮೇಲೆ ಪ್ರಬಂಧವನ್ನು ಬರೆಯಹೇಳಿದೆವು. ಅಪ್ಪ ನೈಟ್ ಶಿಫ್ಟು ಮುಗಿಸಿ ಬರುವ ಹೊತ್ತಿಗೆ ತಾನು ಚಾಪೆಯನ್ನು ಬಿಟ್ಟು ಏಳಬೇಕೆಂದೂ, ಅದೇ ಚಾಪೆಯಲ್ಲಿ ಅಪ್ಪ ಮಲಗುವನೆಂದೂ, ದೀಪ ಹಾಕಿದರೆ ಅವನ ನಿದ್ದೆ ಕೆಡುವುದೆಂದು ತಾನು ಬಾಗಿಲ ಹೊರಗೆ ಕುಳಿತು ಓದುವೆನೆಂದೂ ಅವನು ಬರೆದಿದ್ದನು. ನಾವು ಕೆಂಪು ಮಸಿಯಿಂದ 'ನೈಟ್ ಶಿಫ್ಟು' ಎಂಬುದನ್ನು 'ರಾತ್ರಿಯ ಪಾಳಿ' ಎಂದು ತಿದ್ದಿದೆವು. ಅಷ್ಟಕ್ಕೆ ಬಿಡದೆ, ಆ ಮೂರು ವಾಕ್ಯಗಳ ಪಕ್ಕದಲ್ಲಿ ಗೆರೆ ಎಳೆದು 'ವಿಷಯಾಂತರ' ಎಂದು ಬರೆದೆವು. ಮುಂದಿನ ಸಲ ಅವನು ವಿದ್ಯೆಯ ಮಹಿಮೆಯನ್ನು ಕುರಿತು, ಗೈಡಿನಲ್ಲಿದ್ದಂತೆಯೇ, ಒಂದು ತಪ್ಪೂ ಇಲ್ಲದೆ ಬರೆದುಕೊಟ್ಟನು. ನಾವು ಹತ್ತಕ್ಕೆ ಎಂಟು ಕೊಟ್ಟೆವು.

ಕೆಲವು ವರ್ಷಗಳ ಬಳಿಕ ಅವನು ಮನೆಗೆ ಬಂದನು. ಇಂಜಿನಿಯರಿಂಗ್ ಕಾಲೇಜಿಗೆ ಸೇರಿ ಒಂದು ವರ್ಷಕ್ಕೆ ಬಿಟ್ಟಿದ್ದನು. ಏಕಪ್ಪಾ ಎಂದು ಕೇಳಿದೆವು. 'ಪಾಠ ತಿಳೀತಿತ್ರೀ ಸರ, ತಿಳೀದಿದ್ದು ಕೇಳಾಕ ಬಾಯಿ ಬರ್ತಿದ್ದಿಲ್ಲ' ಎಂದನು. ಬಾಯಿ ಏಕೆ ಬರಲಿಲ್ಲವೆಂಬುದಕ್ಕೆ ಕಾಲೇಜಿನ ಇಂಗ್ಲಿಷನ್ನು ದೂರುವುದು ಸುಲಭ. ಆದರೆ ಅವನ ಬಾಯಿಗೆ ಮೊದಲು ಬೀಗ ಹಾಕಿದವರು ನಾವು, ಅದೂ ಕನ್ನಡದಲ್ಲಿಯೇ. ಕಂಡದ್ದನ್ನು ಕಂಡಂತೆ ಹೇಳಿದ ಆಪ್ತನನ್ನು ವಿಷಯಾಂತರವೆಂದು ಹೊಡೆದುಹಾಕಿದ ಕೈ ಇದು. ಅವನು ಈಗ ಒಂದು ಕಾರ್ಖಾನೆಯಲ್ಲಿ ದುಡಿಯುತ್ತಾ ಸಂಜೆ ಡಿಪ್ಲೊಮಾ ಓದಿ ಮುಗಿಸಿದ್ದಾನೆ; ಅದರಲ್ಲಿ ನಮ್ಮ ಪಾಲು ಏನೂ ಇಲ್ಲ.

ಆದುದರಿಂದ ಗೃಹಸ್ಥರಾದ ವಾಚಕರಲ್ಲಿ ನಮ್ಮದೊಂದು ವಿಜ್ಞಾಪನೆ. ಮನೆಯ ಮಗುವಾಗಲಿ, ಮನೆಗೆಲಸಕ್ಕೆ ಬರುವಾಕೆಯ ಮಗುವಾಗಲಿ, ಕಾಲೇಜಿನ ಮೊದಲ ವರ್ಷದಲ್ಲಿದ್ದರೆ ಒಂದು ನೂರು ಪುಟದ ಪುಸ್ತಕವನ್ನು ಕೊಂಡುಕೊಡಿರಿ. ಬಸ್ಸಿನಲ್ಲಿ, ತರಗತಿಯಲ್ಲಿ, ಫೀಸು ಕಟ್ಟುವ ಕಿಟಕಿಯ ಮುಂದೆ ನಡೆದುದನ್ನು ತನಗೆ ಬಂದ ಮಾತಿನಲ್ಲಿಯೇ ಬರೆದಿಡಲು ಹೇಳಿರಿ. ಮುಂದಿನ ಆಯೋಗವು ಎಣಿಸಲು ಹೊರಟಾಗ, ಅಂಕಣವೊಂದು ಕಡಿಮೆಯಿದೆಯೆಂದು ತೋರಿಸಿಕೊಡುವ ಸಾಕ್ಷಿ ಅಂಥ ಪುಸ್ತಕದಲ್ಲಿಯೇ ದೊರೆಯುವುದು. ಇನ್ನೊಂದು ಮಾತು: ಬರೆದುದನ್ನು ನಿಮಗೆ ತೋರಿಸಿದರೆ, ಓದಿರಿ, ಕೆಂಪು ಮಸಿಯನ್ನು ಮಾತ್ರ ದಯವಿಟ್ಟು ಹತ್ತಿರ ಇಟ್ಟುಕೊಳ್ಳಬೇಡಿರಿ.