ದೇವದೂತ ಬಂದ, ದುಡ್ಡು ತರಲಿಲ್ಲ

ಮೊನ್ನೆ ಮೊದಲ ಸಲ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ನೋಡಿದೆ. ಫ್ರಾಂಕ್ ಕಾಪ್ರಾ ನಿರ್ದೇಶನದ 1946ರ ಚಿತ್ರ. ಕ್ರಿಸ್‌ಮಸ್ ಬಂತೆಂದರೆ ಅಮೆರಿಕದಲ್ಲಿ ಮನೆಮಂದಿಯೆಲ್ಲ ಕೂತು ನೋಡೋ ಸಿನಿಮಾಗಳಲ್ಲಿ ಇದೂ ಒಂದು. ಮೂಲ ಕಥೆ ಬರೆದ ಫಿಲಿಪ್ ವ್ಯಾನ್ ಡೋರೆನ್ ಸ್ಟರ್ನ್‌ಗೆ ಪ್ರಕಾಶಕರೇ ಸಿಗಲಿಲ್ಲವಂತೆ. 1943ರಲ್ಲಿ ತಾವೇ 200 ಪ್ರತಿ ಮಾಡಿಸಿ ಕ್ರಿಸ್‌ಮಸ್ ಕಾರ್ಡಿನ ಥರ ಗೆಳೆಯರಿಗೆ ಹಂಚಿದರು. ಹತ್ತು ಜನ ಓದಿದರೆ ಹಬ್ಬ ಮಾಡೋ ನಮ್ಮಂಥ ಬ್ಲಾಗಿಗರ ಪೈಕಿಯೇ ಅನ್ನಿ :-)

ಹಿಮ ಇದೆ, ಗಂಟೆ ಇದೆ, ಇನ್ನೂ ರೆಕ್ಕೆ ಸಿಗದ ಒಬ್ಬ ಮುದುಕ ದೇವದೂತನೂ ಇದ್ದಾನೆ. ಆದರೆ ನನ್ನನ್ನು ಕೇಳಿದರೆ ಇದು ಸಾಲದ ಸಿನಿಮಾ.

ನೋಡದೇ ಇರೋರಿಗೆ ಕಥೆ ಚುಟುಕಾಗಿ ಹೇಳ್ತೀನಿ (ಕೊನೆಯೂ ಸೇರಿ, ಬೇಡ ಅನ್ನೋರು ಇಲ್ಲೇ ನಿಲ್ಲಿಸಿ!). ಜಾರ್ಜ್ ಬೈಲಿಗೆ ದೇಶ ಸುತ್ತೋ ಆಸೆ. ಅಪ್ಪ ಸತ್ತ ಮೇಲೆ, ಬಡವರಿಗೆ ಮನೆ ಸಾಲ ಕೊಡೋ ಪುಟ್ಟ ಸಂಸ್ಥೆ ಅವನ ತಲೆಗೆ ಬೀಳುತ್ತೆ. ಊರು ಬಿಡೋಕೇ ಆಗಲ್ಲ. ಕ್ರಿಸ್‌ಮಸ್ ಹಿಂದಿನ ದಿನ ಚಿಕ್ಕಪ್ಪ ಸಂಸ್ಥೆಯ 8,000 ಡಾಲರ್ ಕಳೀತಾನೆ. ಸಿಕ್ಕಿದ್ದು ಊರಿನ ಸಾಹುಕಾರ ಪಾಟರ್ ಕೈಗೆ. ಅವನು ತುಟಿ ಬಿಚ್ಚಲ್ಲ. ಸಾಲ ಕೇಳೋಕೆ ಅವನ ಮುಂದೆಯೇ ಹೋಗಿ ನಿಂತ ಜಾರ್ಜ್ ಹತ್ತಿರ ಇರೋದು 15,000 ಡಾಲರಿನ ಒಂದು ಜೀವವಿಮೆ. ಹಾಗಾದರೆ ನೀನು ಬದುಕಿರೋದಕ್ಕಿಂತ ಸತ್ತರೇ ಲಾಭ ಅಂತ ಅಣಕಿಸ್ತಾನೆ ಪಾಟರ್. ಅವತ್ತೇ ರಾತ್ರಿ ಜಾರ್ಜ್ ಸೇತುವೆ ಮೇಲೆ ಬಂದು ನಿಲ್ತಾನೆ, ಹಾರೋಕೆ.

ಎದೆ ಧಸಕ್ ಅಂದದ್ದು ಇಲ್ಲೇ. ತಾನು ಹೋದರೆ ಮನೆಯವರಿಗೆ ನಾಲ್ಕು ಕಾಸಾದರೂ ಸಿಗುತ್ತೆ ಅನ್ನೋ ಈ ಲೆಕ್ಕ ನಮಗೆ ಹೊಸದಾ? ಸಾಲಕ್ಕೆ ಸೋತ ರೈತರ ಸುದ್ದಿ ಎಷ್ಟು ಓದಿಲ್ಲ ನಾವು?

ಆಗ ದೇವದೂತ ಕ್ಲಾರೆನ್ಸ್ ಬರ್ತಾನೆ. ಜಾರ್ಜನನ್ನು ಹಿಡಿದೆಳೆಯಲ್ಲ, ತಾನೇ ನೀರಿಗೆ ಹಾರ್ತಾನೆ! ಮುಳುಗೋರನ್ನು ನೋಡ್ಕೊಂಡು ಸುಮ್ಮನಿರೋ ಪೈಕಿ ಅಲ್ಲ ಜಾರ್ಜ್, ಹಾರಿ ಎತ್ತುತ್ತಾನೆ. ಆಮೇಲೆ ಅವನು ಹುಟ್ಟದೇ ಹೋಗಿದ್ದರೆ ಊರು ಹೇಗಿರ್ತಿತ್ತು ಅಂತ ತೋರಿಸ್ತಾನೆ. ಅವನು ಕಟ್ಟಿಸಿಕೊಟ್ಟ ಮನೆಗಳಿದ್ದ ಜಾಗದಲ್ಲಿ ಸ್ಮಶಾನ. ಪವಾಡ ಇಷ್ಟೇ. ದೇವದೂತ ಒಂದು ಡಾಲರೂ ತರಲ್ಲ. ತರೋದು ಊರ ಜನ, ಅವರವರ ಪುಡಿಗಾಸು ಸೇರಿಸಿ. ಪಾಟರ್‌ಗೆ ಶಿಕ್ಷೆನೂ ಇಲ್ಲ, ಆ 8,000 ವಾಪಸ್ಸೂ ಬರಲ್ಲ. ಕೆಟ್ಟವನನ್ನು ಕೊನೆಯ ರೀಲಿನಲ್ಲಿ ಜೈಲಿಗೆ ಹಾಕಿ ನಮ್ಮನ್ನು ಸಮಾಧಾನ ಮಾಡಿಲ್ಲವಲ್ಲ, ಅದಕ್ಕೇ ಈ ಸಿನಿಮಾ ನಂಬಬೇಕು ಅನಿಸಿತು.

ಒಂದು ತಕರಾರು ಇದೆ. ಜಾರ್ಜ್ ಇಲ್ಲದ ಲೋಕದಲ್ಲಿ ಅವನ ಹೆಂಡತಿ ಮೇರಿಗೆ ಒದಗೋ ಮಹಾ ದುರ್ಗತಿ ಏನು ಗೊತ್ತಾ? ಮದುವೆ ಆಗದೆ ಲೈಬ್ರರಿಯಲ್ಲಿ ಕೆಲಸ! ಇದೂ ಒಂದು ದುರಂತವಾ ಮಾರಾಯ್ರೆ?

ಅದೊಂದು ಬಿಟ್ಟರೆ ತಪ್ಪದೇ ನೋಡಿ. ಆದರೆ ಸಾಲದಲ್ಲಿ ಒದ್ದಾಡ್ತಿರೋ ಗೆಳೆಯರಿದ್ದರೆ ಅವರಿಗೆ ಸಿನಿಮಾ ಕಳಿಸಿ ಕೈತೊಳ್ಕೋಬೇಡಿ. ಫೋನ್ ಮಾಡಿ, ಆದರೆ ಮನೆಗೇ ಹೋಗಿ. ಆ ಊರಿನವರು ಮಾಡಿದ್ದೂ ಅಷ್ಟೇ.